ಪೈಲೋರಿ ಮೊದಲ ಕೋರ್ಸಿಗೆ ಬಗ್ಗದಿದ್ದಾಗ: ನಾನು ಅನುಸರಿಸುವ ಕ್ರಮ

ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ಇರುವ ಕಿಟ್ ಮುಗಿಸಿಯೂ ಹೆಲಿಕೋಬ್ಯಾಕ್ಟರ್ ಪೈಲೋರಿ (ಹೊಟ್ಟೆಹುಣ್ಣು ತರುವ ರೋಗಾಣು) ಹೋಗಿಲ್ಲವೆಂದರೆ ಅದೇ ಕಿಟ್ಟನ್ನು ಮತ್ತೊಮ್ಮೆ ಬರೆಯುವುದು ದಂಡ. ಮೊದಲ ಕೋರ್ಸ್ ಯಾವುದೇ ಇದ್ದರೂ, ಸೋಂಕು ಉಳಿದವರಿಗೆ ಎಂಡೋಸ್ಕೋಪಿ ಮಾಡಿ, ಜಠರದ ಒಳಪದರದ ಚೂರು ತೆಗೆದು ರೆಸಿಸ್ಟೆನ್ಸ್ ಪರೀಕ್ಷೆಗೆ (ರೋಗಾಣು ಯಾವ ಔಷಧಕ್ಕೆ ಬಗ್ಗದು ಎಂದು ತಿಳಿಯಲು) ಕಳಿಸುತ್ತೇನೆ. ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಲ್ಯಾಬ್ ತಲುಪುವ ಮೊದಲೇ.

ಎಂಡೋಸ್ಕೋಪಿಗೆ ಮೊದಲು, ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆ 2 ವಾರ, ಆ್ಯಂಟಿಬಯೋಟಿಕ್ ಮತ್ತು ಬಿಸ್ಮತ್ 4 ವಾರ ನಿಂತಿರಬೇಕು. 'ಯಾವ ಔಷಧಿಯೂ ಇಲ್ಲ' ಎನ್ನುವವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ ಮಾತ್ರೆಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಹೆಸರು ಹಿಡಿದು ಕೇಳಬೇಕು. ಉರಿ ತಡೆಯದಿದ್ದರೆ ಆ್ಯಂಟಾಸಿಡ್ ಸಿರಪ್ ಸಾಕು. ರಕ್ತ ಸೋರುವ ಹುಣ್ಣಿದ್ದರೆ ಮಾತ್ರ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಆಸಿಡ್ ಕಡಿಮೆಯಾದಾಗ ರೋಗಾಣು ಜಠರದ ಮೇಲ್ಭಾಗಕ್ಕೆ ಸರಿಯುವುದರಿಂದ, ಅಂಥವರಲ್ಲಿ ಅಲ್ಲಿಂದ ಚೂರು ತೆಗೆಯುವುದನ್ನು ತಪ್ಪಿಸಬಾರದು.

ಆಂಟ್ರಮ್‌ನಿಂದ (ಜಠರದ ಕೆಳಭಾಗ) 2, ಕಾರ್ಪಸ್‌ನಿಂದ (ಅದಕ್ಕಿಂತ ಮೇಲಿನ ದೊಡ್ಡ ಭಾಗ) 2 ಚೂರು ತೆಗೆಯುತ್ತೇನೆ. ಒಬ್ಬರದೇ ಹೊಟ್ಟೆಯಲ್ಲಿ ಎರಡು ಕಡೆಯ ರೋಗಾಣು ಬೇರೆ ಬೇರೆ ಸ್ವಭಾವದ್ದಾಗಿರಬಹುದು. ಕಲ್ಚರ್‌ಗೆ (ಲ್ಯಾಬಿನಲ್ಲಿ ರೋಗಾಣು ಬೆಳೆಸುವುದಕ್ಕೆ) ಹೋಗುವ ಚೂರನ್ನು ಎಲ್ಲಕ್ಕಿಂತ ಮೊದಲು ತೆಗೆಯಬೇಕು. ಪೆಥಾಲಜಿ ಬಾಟಲಿಗೆ ಒಮ್ಮೆ ಅದ್ದಿದ ಫೋರ್ಸೆಪ್ಸ್ (ಚೂರು ತೆಗೆಯುವ ಚಿಮುಟ) ತುದಿಯಲ್ಲಿ ಫಾರ್ಮಲಿನ್ ಅಂಟಿರುತ್ತದೆ. ಮುಂದಿನ ಚೂರಿನ ರೋಗಾಣುವನ್ನು ಕೊಲ್ಲಲು ಅಷ್ಟೇ ಸಾಕು. ಚೂರನ್ನು ಸ್ಟೆರೈಲ್ ಸೂಜಿಯಿಂದ ಬಿಡಿಸಿ, ಒಣಗಲು ಬಿಡದೆ ಟ್ರಾನ್ಸ್‌ಪೋರ್ಟ್ ಮೀಡಿಯಮ್ಮಿಗೆ ಹಾಕಿ, 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಬರೀ ಸಲೈನ್‌ನಲ್ಲಿ ರೋಗಾಣು ಕೆಲವೇ ಗಂಟೆ ಬಾಳುತ್ತದೆ.

ಲ್ಯಾಬಿನಲ್ಲಿ ಇದಕ್ಕೆ ಸುಮಾರು 5% ಆಕ್ಸಿಜನ್, 10% ಕಾರ್ಬನ್ ಡೈಆಕ್ಸೈಡ್ ಇರುವ ಗಾಳಿ, 37 ಡಿಗ್ರಿ ಶಾಖ ಬೇಕು. ಬೆಳೆಯಲು 3ರಿಂದ 7 ದಿನ, ಕೆಲವೊಮ್ಮೆ 10. ಔಷಧ ಎಷ್ಟಿದ್ದರೆ ರೋಗಾಣು ಬೆಳೆಯದು ಎಂದು ಅಳೆಯುವ ಇ-ಟೆಸ್ಟ್‌ಗೆ ಮತ್ತೆ 3 ದಿನ. 'ಬೆಳೆದಿಲ್ಲ' ಎಂದು ಬಂದರೆ ಸೋಂಕಿಲ್ಲ ಎಂದು ಓದಬಾರದು. ಕಲ್ಚರ್ ಸೌಲಭ್ಯವಿಲ್ಲದ ಕಡೆ ರೋಗಾಣುವಿನ ಜೀನ್ ನೋಡುವ ಪಿಸಿಆರ್ ಇದೆ: ರ‍್ಯಾಪಿಡ್ ಯೂರಿಯೇಸ್ ಟೆಸ್ಟ್‌ನಲ್ಲಿ ಉಳಿದ ಚೂರೇ ಅದಕ್ಕೆ ಆಗುತ್ತದೆ. ಕ್ಲಾರಿಥ್ರೋಮೈಸಿನ್‌ಗೆ 23ಎಸ್ ಆರ್‌ಆರ್‌ಎನ್‌ಎಯ 2142, 2143ನೇ ಸ್ಥಾನ, ಲಿವೋಫ್ಲೋಕ್ಸಾಸಿನ್‌ಗೆ ಜೈರೇಸ್-ಎ ಜೀನಿನ 87, 91ನೇ ಕೋಡಾನ್ ಬದಲಾಗಿದೆಯೇ ಎಂದು ನೋಡುತ್ತಾರೆ. ಮೆಟ್ರೋನಿಡಜೋಲ್ ವಿಷಯದಲ್ಲಿ ಜೀನ್ ಪರೀಕ್ಷೆಯನ್ನು ನಾನು ನೆಚ್ಚುವುದಿಲ್ಲ.

ರಿಪೋರ್ಟ್ ಓದುವಾಗ ಎಲ್ಲ 'ಆರ್' (ರೆಸಿಸ್ಟೆಂಟ್, ಔಷಧಕ್ಕೆ ಬಗ್ಗದ್ದು) ಒಂದೇ ಅಲ್ಲ. ಯುರೋಪಿನ ಇಯುಕ್ಯಾಸ್ಟ್ ಮಾನದಂಡದಂತೆ ಎಂಐಸಿ (ರೋಗಾಣು ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಔಷಧ ಪ್ರಮಾಣ) ಕ್ಲಾರಿಥ್ರೋಮೈಸಿನ್‌ಗೆ ಲೀಟರಿಗೆ 0.25 ಮಿ.ಗ್ರಾಂ ದಾಟಿದರೆ, ಲಿವೋಫ್ಲೋಕ್ಸಾಸಿನ್‌ಗೆ 1 ದಾಟಿದರೆ ಆ ಔಷಧ ಕೈಬಿಡುತ್ತೇನೆ. ಡೋಸ್ ಏರಿಸಿದರೂ ಕೆಲಸವಾಗದು. ಮೆಟ್ರೋನಿಡಜೋಲ್ 8 ದಾಟಿದರೂ, ಬಿಸ್ಮತ್ ಜೊತೆಗೆ ದಿನಕ್ಕೆ 1.5ರಿಂದ 2 ಗ್ರಾಂನಂತೆ 14 ದಿನ ಕೊಟ್ಟರೆ ಬಹಳಷ್ಟು ಮಂದಿಯಲ್ಲಿ ಫಲ ಕೊಡುತ್ತದೆ. ಹಾಗೆಯೇ 'ಎಸ್' (ಸೆನ್ಸಿಟಿವ್, ಔಷಧಕ್ಕೆ ಬಗ್ಗುವುದು) ಬಂದರೂ ಹಳೇ ಚೀಟಿಗಳನ್ನು ತಿರುವಿ ನೋಡಬೇಕು. ಕೆಮ್ಮಿಗೆ ಪದೇ ಪದೇ ಅಜಿಥ್ರೋಮೈಸಿನ್ ತಿಂದವರಲ್ಲಿ ಅದೇ ಗುಂಪಿನ ಕ್ಲಾರಿಥ್ರೋಮೈಸಿನ್ ಫಲಿಸುವುದು ಅನುಮಾನ. ಭೇದಿಗೆ ಮೆಡಿಕಲ್ ಶಾಪಿನಲ್ಲಿ ಕೊಡುವ ಓಫ್ಲೋಕ್ಸಾಸಿನ್-ಓರ್ನಿಡಜೋಲ್ ಒಂದೇ ಮಾತ್ರೆಯಲ್ಲಿ ಲಿವೋಫ್ಲೋಕ್ಸಾಸಿನ್, ಮೆಟ್ರೋನಿಡಜೋಲ್ ಎರಡೂ ಗುಂಪಿನ ಔಷಧಗಳನ್ನು ಹಾಳುಮಾಡುತ್ತದೆ.

ಮೊದಲ ಕೋರ್ಸಿನಲ್ಲಿ ಕ್ಲಾರಿಥ್ರೋಮೈಸಿನ್ ಇಲ್ಲದವರಲ್ಲಿ ಅದು 'ಎಸ್' ಆಗಿದ್ದು, ಹಿಂದೆ ಆ ಗುಂಪಿನ ಔಷಧ ತಿಂದಿಲ್ಲದಿದ್ದರೆ: ಎಸೊಮೆಪ್ರಜೋಲ್ 40 ಮಿ.ಗ್ರಾಂ, ಅಮಾಕ್ಸಿಸಿಲಿನ್ 1 ಗ್ರಾಂ, ಕ್ಲಾರಿಥ್ರೋಮೈಸಿನ್ 500 ಮಿ.ಗ್ರಾಂ, ಮೂರೂ ದಿನಕ್ಕೆರಡು ಬಾರಿ, 14 ದಿನ. ಉಳಿದವರಿಗೆ ಎಸೊಮೆಪ್ರಜೋಲ್ ಎರಡು ಹೊತ್ತು. ಬಿಸ್ಮತ್ ಸಬ್‌ಸಿಟ್ರೇಟ್ 120, ಟೆಟ್ರಾಸೈಕ್ಲಿನ್ 500, ಮೆಟ್ರೋನಿಡಜೋಲ್ 400 ಮಿ.ಗ್ರಾಂ ದಿನಕ್ಕೆ ನಾಲ್ಕು ಬಾರಿ, ಇದೂ 14 ದಿನ. ಗರ್ಭಿಣಿಯರಿಗೆ ಈ ಕೋರ್ಸ್ ಇಲ್ಲ. ಟೆಟ್ರಾಸೈಕ್ಲಿನ್ ಸಿಗಲಿಲ್ಲವೆಂದು ಅಂಗಡಿಯವರು ಡಾಕ್ಸಿಸೈಕ್ಲಿನ್ ಕೊಟ್ಟರೆ ಫಲ ಕಡಿಮೆ. ಹಾಲು, ಮಜ್ಜಿಗೆ, ಕಬ್ಬಿಣದ ಮಾತ್ರೆ ಟೆಟ್ರಾಸೈಕ್ಲಿನ್ ಜೊತೆ ಕೂಡದು. ಮಲ ಕಪ್ಪಾಗುವುದು ಬಿಸ್ಮತ್‌ನಿಂದ ಎಂದು ಮೊದಲೇ ಹೇಳದಿದ್ದರೆ, ಹೆದರಿ ಅರ್ಧಕ್ಕೇ ಬಿಡುತ್ತಾರೆ. ಟಿಬಿ ಔಷಧಗಳ ಗುಂಪಿನ ರಿಫಾಬ್ಯುಟಿನ್ ನಾನು ಬರೆಯುವುದು ತೀರಾ ಅಪರೂಪ. ಟಿಬಿ ಇಷ್ಟಿರುವ ನಾಡಿನಲ್ಲಿ ಆ ಗುಂಪನ್ನು ಉಳಿಸಿಕೊಳ್ಳಬೇಕು.

ಕೋರ್ಸ್ ಮುಗಿದು ಕನಿಷ್ಠ 4 ವಾರವಾದ ಮೇಲೆ, ಗ್ಯಾಸ್ ಮಾತ್ರೆಯನ್ನು ಮತ್ತೆ 2 ವಾರ ನಿಲ್ಲಿಸಿ, ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜನ್ ಪರೀಕ್ಷೆ ಮಾಡಿಸುತ್ತೇನೆ. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಇದಕ್ಕಾಗದು. ರೋಗಾಣು ಹೋದ ಮೇಲೂ ಅದು ತಿಂಗಳುಗಟ್ಟಲೆ ಪಾಸಿಟಿವ್ ಬರುತ್ತಲೇ ಇರುತ್ತದೆ.