ಒಂದು ಕ್ಯಾಮೆರಾ, ಹಲವು ಪರದೆ: ಸ್ವಿಚ್‌ನಲ್ಲಿ ಮಲ್ಟಿಕಾಸ್ಟ್ ರೂಟಿಂಗ್ ಹೊಂದಿಸುವುದು ಹೇಗೆ?

ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸುವ ಒಂದು ಐಪಿ ಕ್ಯಾಮೆರಾವನ್ನು 30 ಮಂದಿ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ನೋಡಲು ಕುಳಿತರೆ, ಆ ಕ್ಯಾಮೆರಾ 120 ಮೆಗಾಬಿಟ್ ಹೊರಹಾಕಬೇಕಾಗುತ್ತದೆ. ಮಲ್ಟಿಕಾಸ್ಟ್‌ನಲ್ಲಾದರೋ ಕ್ಯಾಮೆರಾದಿಂದ ಒಂದೇ ಪ್ರತಿ ಹೊರಡುತ್ತದೆ. ದಾರಿ ಕವಲೊಡೆಯುವಲ್ಲಿ ಸ್ವಿಚ್ಚೇ ನಕಲು ಮಾಡಿ, ಕೇಳಿದವರಿಗೆ ಮಾತ್ರ ಹಂಚುತ್ತದೆ.

ಕ್ಯಾಮೆರಾಗಳು ವಿಎಲ್ಎಎನ್ (ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲ) 10ರಲ್ಲಿ, ನೋಡುವವರು ವಿಎಲ್ಎಎನ್ 20ರಲ್ಲಿ ಇದ್ದಾರೆಂದೂ, ನಡುವೆ ಸಿಸ್ಕೋ ಕ್ಯಾಟಲಿಸ್ಟ್ ಮಾದರಿಯ ಲೇಯರ್-3 ಸ್ವಿಚ್ (ಒಂದು ಜಾಲದಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸಬಲ್ಲ ಸ್ವಿಚ್) ಇದೆಯೆಂದೂ ಇಟ್ಟುಕೊಳ್ಳೋಣ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಮೊದಲು ಗುಂಪಿನ ವಿಳಾಸವನ್ನು, ಅಂದರೆ ಕ್ಯಾಮೆರಾ ತನ್ನ ಚಿತ್ರ ಕಳುಹಿಸುವ ಮಲ್ಟಿಕಾಸ್ಟ್ ವಿಳಾಸವನ್ನು, ಆರಿಸಿಕೊಳ್ಳಿ. ಸಂಸ್ಥೆಯೊಳಗಿನ ಬಳಕೆಗೆ 239ರಿಂದ ಆರಂಭವಾಗುವ ವಿಳಾಸಗಳು ಮೀಸಲಾಗಿವೆ. ಆದರೆ 239.0.0 ಮತ್ತು 239.128.0 ಸಾಲುಗಳನ್ನು ಮುಟ್ಟದಿರುವುದು ಲೇಸು. ಐಪಿ ವಿಳಾಸದ ಕೊನೆಯ 23 ಬಿಟ್‌ಗಳು ಮಾತ್ರ ಮ್ಯಾಕ್ ವಿಳಾಸಕ್ಕೆ (ಹಾರ್ಡ್‌ವೇರ್ ಮಟ್ಟದ ವಿಳಾಸ) ಇಳಿಯುವುದರಿಂದ, ಇವು 224.0.0 ಸಾಲಿನ ನಿಯಂತ್ರಣ ವಿಳಾಸಗಳೊಂದಿಗೆ ಬೆರೆತು, ಎಲ್ಲ ಪೋರ್ಟ್‌ಗಳಿಗೂ ಹರಿದುಬಿಡುವ ಸಾಧ್ಯತೆಯಿದೆ. ನಾವು 239.10.1.1 ಇಟ್ಟುಕೊಳ್ಳೋಣ.

ಕಾನ್ಫಿಗರೇಶನ್ ಮೋಡ್‌ಗೆ ಹೋಗಿ, ‘ಐಪಿ ರೂಟಿಂಗ್’ ಈಗಾಗಲೇ ಚಾಲೂ ಇದೆಯೆಂದು ಖಚಿತಪಡಿಸಿಕೊಂಡು, ‘ಐಪಿ ಮಲ್ಟಿಕಾಸ್ಟ್-ರೂಟಿಂಗ್’ ಎಂದು ಕೊಡಿ. ಕೆಲವು ಮಾದರಿಗಳಲ್ಲಿ ಇದರ ಕೊನೆಗೆ ‘ಡಿಸ್ಟ್ರಿಬ್ಯೂಟೆಡ್’ ಎಂಬ ಪದವೂ ಬೇಕು.

ನಂತರ ಎರಡೂ ವಿಎಲ್ಎಎನ್ ಇಂಟರ್‌ಫೇಸ್‌ಗಳಲ್ಲಿ ‘ಐಪಿ ಪಿಮ್ ಸ್ಪಾರ್ಸ್-ಮೋಡ್’ ಹಾಕಿ. ಪಿಮ್ ಎಂದರೆ ಮಲ್ಟಿಕಾಸ್ಟ್‌ಗೆ ದಾರಿ ಹುಡುಕುವ ನಿಯಮಾವಳಿ; ಸ್ಪಾರ್ಸ್ ಮೋಡ್‌ನಲ್ಲಿ ಅದು ಕೇಳಿದ ಕಡೆಗೆ ಮಾತ್ರ ಕಳುಹಿಸುತ್ತದೆ. ನೋಡುವವರ ಕಡೆ ಮಾತ್ರ ಅದನ್ನು ಹಾಕಿ ಕ್ಯಾಮೆರಾ ಕಡೆ ಮರೆಯುವವರೇ ಹೆಚ್ಚು. ದಿನವಿಡೀ ತಲೆ ಕೆಡಿಸುವ ತಪ್ಪು ಇದೇ. ಪಿಮ್ ಚಾಲೂ ಆದೊಡನೆ ಆ ವಿಎಲ್ಎಎನ್‌ನಲ್ಲಿ ಯಾರಿಗೆ ಯಾವ ಗುಂಪು ಬೇಕೆಂದು ವಿಚಾರಿಸುವ ಐಜಿಎಂಪಿ ಕೆಲಸವನ್ನೂ ಸ್ವಿಚ್ ವಹಿಸಿಕೊಳ್ಳುತ್ತದೆ. ವಿಚಾರಿಸುವವರು ಯಾರೂ ಇಲ್ಲದ ಕಡೆ ಸ್ನೂಪಿಂಗ್ ಪಟ್ಟಿಯ (ಯಾವ ಪೋರ್ಟ್‌ಗೆ ಯಾವ ಗುಂಪು ಬೇಕೆಂದು ಸ್ವಿಚ್ ಇಟ್ಟುಕೊಳ್ಳುವ ಪಟ್ಟಿ) ಅವಧಿ ಮುಗಿದು, ಮೊದಲ ಕೆಲವು ನಿಮಿಷ ಚೆನ್ನಾಗಿ ಬಂದ ಚಿತ್ರ ಏಕಾಏಕಿ ನಿಂತುಹೋಗುತ್ತದೆ.

ಸ್ಪಾರ್ಸ್ ಮೋಡ್‌ಗೆ ಕಳುಹಿಸುವವರೂ ಕೇಳುವವರೂ ಸಂಧಿಸುವ ಒಂದು ರಾಂಡೆವೂ ಪಾಯಿಂಟ್ ಬೇಕು. ಲೂಪ್‌ಬ್ಯಾಕ್ 0 ಎಂಬ, ಸ್ವಿಚ್‌ನೊಳಗಿನ ಕಾಲ್ಪನಿಕ ಇಂಟರ್‌ಫೇಸ್‌ಗೆ 10.0.0.1 ಕೊಟ್ಟು, ಅದರಲ್ಲೂ ಪಿಮ್ ಹಾಕಿ, ‘ಐಪಿ ಪಿಮ್ ಆರ್‌ಪಿ-ಅಡ್ರೆಸ್ 10.0.0.1’ ಎಂದು ಬರೆಯಿರಿ. ಮುಂದೆ ಇನ್ನೊಂದು ಲೇಯರ್-3 ಸ್ವಿಚ್ ಸೇರಿದರೆ ಅದರಲ್ಲೂ ಇದೇ ವಿಳಾಸವಿರಬೇಕು.

ಇನ್ನು ಪರೀಕ್ಷೆ. ವಿಎಲ್ಎಎನ್ 20ರ ಕಂಪ್ಯೂಟರಿನಲ್ಲಿ ಚಿತ್ರ ತೆರೆದು ‘ಶೋ ಐಪಿ ಎಂರೂಟ್ 239.10.1.1’ ಕೊಟ್ಟರೆ ನಕ್ಷತ್ರ ಚಿಹ್ನೆಯ ಒಂದು ಸಾಲು, ಕ್ಯಾಮೆರಾದ ವಿಳಾಸವಿರುವ ಇನ್ನೊಂದು ಸಾಲು ಕಾಣಬೇಕು. ಎರಡನೆಯದು ಇಲ್ಲದಿದ್ದರೆ ವಿಎಲ್ಎಎನ್ 10ರ ಪಿಮ್ ನೋಡಿ. ಆ ಸಾಲು ಇದ್ದು, ಹೊರಹೋಗುವ ಇಂಟರ್‌ಫೇಸ್ ಪಟ್ಟಿಯಲ್ಲಿ ‘ನಲ್’ ಎಂದಿದ್ದರೆ ಕೇಳುಗರ ಕೋರಿಕೆ ಸ್ವಿಚ್‌ಗೆ ತಲುಪಿಲ್ಲ. ‘ಶೋ ಐಪಿ ಐಜಿಎಂಪಿ ಗ್ರೂಪ್ಸ್’ ಅದನ್ನು ಖಚಿತಪಡಿಸುತ್ತದೆ. ಕ್ಯಾಮೆರಾದ ವಿಎಲ್ಎಎನ್‌ನಲ್ಲೇ ಕುಳಿತವರಿಗೆ ಚಿತ್ರ ಕಂಡು ಆಚೆಯವರಿಗೆ ಕಾಣದಿದ್ದರೆ, ಸ್ವಿಚ್ಚನ್ನು ಬಿಟ್ಟು ಕ್ಯಾಮೆರಾದ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟಿಂಗ್ ಹಂತ ದಾಟಬಹುದೆಂಬ ಮಿತಿ) 1 ಎಂದಿದ್ದರೆ ಪ್ಯಾಕೆಟ್ ಮೊದಲ ರೂಟಿಂಗ್ ಹಂತದಲ್ಲೇ ಸಾಯುತ್ತದೆ. ಅದನ್ನು 8 ಅಥವಾ 16ಕ್ಕೆ ಏರಿಸಿ, ಎಲ್ಲವೂ ಸರಿಬಂದ ಮೇಲೆ ಸ್ವಿಚ್‌ನ ಕಾನ್ಫಿಗರೇಶನ್ ಸೇವ್ ಮಾಡಿ.