ಫಿಕ್ಸ್ಚರ್ ಹಳೇದು ಅಂದವ್ರೇ ಈಗ ಅದನ್ನ ಹಾಕ್ಕೊಂಡಾರ – ಟೆಸ್ಟ್ ಡೇಟಾ ಬಗ್ಗೆ ನನ್ನ ಅನುಭವ

ಟೆಸ್ಟಿಗೆ ಬೇಕಾದ ಡೇಟಾ ಮೊದಲ ಫೈಲಿನ್ಯಾಗ ಬರದಿಡೂದಕ್ಕ ಫಿಕ್ಸ್ಚರ್ ಅಂತಾರ, ಪ್ರತಿ ಟೆಸ್ಟಿನ್ಯಾಗ ಕೋಡಿನಿಂದ ಹೊಸದಾಗಿ ಹುಟ್ಟಿಸೂದಕ್ಕ ಫ್ಯಾಕ್ಟರಿ ಅಂತಾರ. ಫ್ಯಾಕ್ಟರಿ ಬಿಟ್ಟು ಫಿಕ್ಸ್ಚರ್‌ಗೆ ಹೊಳ್ಳಿ ಹೋಗೂಣು ಅಂದಾಗ ಟೀಮಿನ್ಯಾಗ ಯಾರೂ ಒಪ್ಪಲಿಲ್ಲ, "ಯಾವ ಕಾಲದಾಗ ಅದೀರಿ ಸರ್" ಅಂದ್ರು. ಈಗ ಅವರೇ ಹೊಸ ಪ್ರಾಜೆಕ್ಟಿಗೂ ಅದನ್ನ ಹಾಕ್ಯಾರ, ಅದಕ್ಕ ಬರ್ಯಾಕತ್ತೀನಿ.

ಆ್ಯಪ್ ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕದ್ದು, ರೇಲ್ಸ್ ಅನ್ನೂ ವೆಬ್ ಫ್ರೇಮ್‌ವರ್ಕಿನ್ಯಾಗ ಐತಿ, ಹುಬ್ಬಳ್ಳಿಯೊಳಗ ಕುಂತು ಮಾಡೇವಿ. ಒಂದು ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಅಂದ್ರ ರೈತ, ಲಾಟ್, ಚೀಲ, ತೂಕ, ಖರೀದಿದಾರ, ಹಮಾಲಿ, ಅಂಗಡಿ ಎಲ್ಲಾ ಬೇಕು. ಫ್ಯಾಕ್ಟರಿಯಿಂದ ಒಂದ್ ಪಟ್ಟಿ ಕ್ರಿಯೇಟ್ ಮಾಡಿದ್ರ ಡೇಟಾಬೇಸಿಗೆ ಹದಿನೆಂಟಿಪ್ಪತ್ತು ಇನ್ಸರ್ಟ್ (ಹೊಸ ಸಾಲು ಸೇರಿಸೂದು) ಹೊಡೀತಿತ್ತು. ಅದೂ ಹೋಗ್ಲಿ, ಲಾಟಿಗೊಂದು ಅಂಗಡಿ ಪಟ್ಟಿಗೊಂದು ಅಂಗಡಿ ಬ್ಯಾರೆ ಬ್ಯಾರೆ ಹುಟ್ಟತಿದ್ವು, ಅಂದ್ರ ಒಬ್ಬ ದಲಾಲರ ಲಾಟಿಗೆ ಇನ್ನೊಬ್ಬರ ಪಟ್ಟಿ, ಆದ್ರೂ ಟೆಸ್ಟ್ ಹಸಿರು, ಅಂದ್ರ ಪಾಸ್! ಇಂಥಾದ್ದು ಲೈವ್‌ನಾಗ ಆದ್ರ ರೊಕ್ಕದ ಜಗಳ ಆಗತೈತಿ.

ನಡುವ ಲೈವ್ ಡೇಟಾಬೇಸಿನ ಕಾಪಿ ತಗೊಂಡೂ ನೋಡಿದ್ವಿ. ರೈತರ ಮೊಬೈಲ್ ನಂಬರ್ ಎಲ್ಲಾರ ಲ್ಯಾಪ್‌ಟಾಪಿನ್ಯಾಗ ಇಡೂದು ಸರಿ ಅಲ್ಲ, 2023ರ ಡೇಟಾ ರಕ್ಷಣಾ ಕಾಯ್ದೆ ಬ್ಯಾರೆ ಐತಿ. ಅದಕ್ಕ ನಂಬರ್ ಮರೆಮಾಡೂ ಸ್ಕ್ರಿಪ್ಟ್ ಬರದ್ವಿ, ಆದ್ರ ಹೊಸ ಕಾಪಿ ತಂದಾಗೊಮ್ಮೆ ಟೆಸ್ಟ್‌ನ ಮೊತ್ತ ತಪ್ಪಾಕತ್ವು. ಬಿಟ್ಟೇ ಬಿಟ್ವಿ.

ಈಗ ಹೆಂಗಂದ್ರ, ಫಿಕ್ಸ್ಚರ್‌ನಾಗ ಒಂದು ಸಣ್ಣ ಮಾರ್ಕೆಟ್ ಕಟ್ಟೇನಿ: ಒಂದು ಅಂಗಡಿ, ನಾಲ್ಕೈದು ರೈತರು, ಇಬ್ಬರು ಖರೀದಿದಾರರು, ಮತ್ತ ಬಾಜೂಕ ಇನ್ನೊಂದು ಅಂಗಡಿ, ಅದಕ್ಕೂ ಬೇಕಂತಲೇ ಅದೇ ಲಾಟ್ ನಂಬರ್ ಕೊಟ್ಟೇನಿ. ಕ್ವೆರಿಯೊಳಗ ಅಂಗಡಿ ಫಿಲ್ಟರ್ ಮರೆತ್ರ ಈ ಬಾಜೂ ಅಂಗಡಿ ಲಾಟ್ ಬಂದು ಟೆಸ್ಟ್ ಕೆಂಪಾಗತೈತಿ, ಇದೊಂದೇ ಎಷ್ಟೋ ಬಗ್ ಹಿಡದೈತಿ. ಫಿಕ್ಸ್ಚರ್ ಒಮ್ಮೆ ಲೋಡ್ ಆದ್ರ ಮುಗೀತು, ಪ್ರತಿ ಟೆಸ್ಟ್ ಟ್ರಾನ್ಸಾಕ್ಷನ್ ಒಳಗ ಓಡಿ ರೋಲ್‌ಬ್ಯಾಕ್ ಆಗತೈತಿ, ಅಂದ್ರ ಟೆಸ್ಟ್ ಮಾಡಿದ ಬದಲಾವಣೆ ಅಳಿಸಿ ಡೇಟಾ ಮೊದಲಿನಂಗ ಆಗತೈತಿ. ಫಿಕ್ಸ್ಚರ್ ವ್ಯಾಲಿಡೇಶನ್ (ಡೇಟಾ ಸರಿ ಐತೇನು ಅನ್ನೂ ತಪಾಸಣೆ) ದಾಟ್ಕೊಂಡು ಸೀದಾ ಟೇಬಲ್‌ಗೆ ಹೋಗೂದ್ರಿಂದ ಎಲ್ಲಾ ರೆಕಾರ್ಡೂ ವ್ಯಾಲಿಡ್ ಅದಾವೇನು ಅಂತ ನೋಡೂ ಟೆಸ್ಟ್ ಒಂದು ಮೊದಲ ಹಾಕ್ರಿ, ಇದನ್ನ ಮಾತ್ರ ಬಿಡಬ್ಯಾಡ್ರಿ. ಟೆಸ್ಟ್ ಯಾವುದರ ಬಗ್ಗೆ ಐತೋ ಅದೊಂದನ್ನ ಅಷ್ಟ ಫ್ಯಾಕ್ಟರಿಯಿಂದ ಅಲ್ಲೇ ಮಾಡತೇವಿ, ತೂಕದ ಟೆಸ್ಟಾದ್ರ ತೂಕ ಅಷ್ಟ.

ಟೆಸ್ಟಿಗೆ ಸುಳ್ಳು ಹೆಸರು ಹುಟ್ಟಿಸೂ ಫೇಕರ್ ಲೈಬ್ರರಿ ಪೂರಾ ತಗದ್ವಿ. ಅದರಿಂದ ನಮಗ ಬರತಿದ್ದ ಹೆಸರು ಎಲ್ಲಾ ಇಂಗ್ಲಿಷ್ ಅಕ್ಷರದ್ದು, ಕನ್ನಡ ಡೇಟಾ ಹಾಕಿದ ಮ್ಯಾಲ ಬ್ಯಾರೇನೇ ತೊಂದ್ರಿ ಕಂಡ್ವು. "ಬ್ಯಾಡಗಿ" ಕಣ್ಣಿಗೆ 3 ಅಕ್ಷರ, ಕಂಪ್ಯೂಟರ್ ಅಕ್ಷರ ಇಡೂ ಯೂನಿಕೋಡ್ ಪದ್ಧತಿಯಾಗ, ಒತ್ತು-ಗುಣಿತ ಬಿಡಿಬಿಡಿಯಾಗಿ ಎಣಿಸಿದ್ರ, 7. ಕನ್ನಡ ಎಸ್‌ಎಮ್‌ಎಸ್ ಒಂದಕ್ಕ ಇಂಥಾ 70 ಯೂನಿಕೋಡ್ ಅಕ್ಷರ ಅಷ್ಟ ಹಿಡಿಯೂದು, ದಾಟಿದ್ರ ಎರಡು ಎಸ್‌ಎಮ್‌ಎಸ್ ರೊಕ್ಕ. ಉದ್ದ ಊರಿನ ಹೆಸರಿನ ಒಬ್ಬ ರೈತನ್ನ ಅದಕ್ಕಂತನೇ ಇಟ್ಟೇನಿ. ರಾತ್ರಿ ಅಷ್ಟ ಬೀಳೂ ಟೆಸ್ಟೂ ಇದ್ವು, ಸಿಐ ಸರ್ವರ್ (ಕೋಡ್ ಬದಲಾದಾಗೊಮ್ಮೆ ಟೆಸ್ಟ್ ಓಡಿಸೂದು) ಯುಟಿಸಿಯೊಳಗ (ಜಾಗತಿಕ ಸಮಯ) ಇದ್ರ ನಮ್ಮ ನಸುಕಿನ 5:30ರ ತನಕ ಅಲ್ಲಿ ನಿನ್ನಿ ತಾರೀಖೇ ಇರತೈತಿ. ಟೈಮ್ ಫ್ರೀಜ್ ಮಾಡಿ (ಟೆಸ್ಟಿನ್ಯಾಗ ಗಡಿಯಾರ ಒಂದ ಹೊತ್ತಿಗೆ ನಿಲ್ಲಿಸಿ) ನಸುಕಿನ 2ಕ್ಕ ಬಂದ ಲಾಟಿಗೂ ಟೆಸ್ಟ್ ಬರದ್ವಿ.

ಮೊದಲ ಪೂರಾ ಸೂಟ್ ಓಡಾಕ ಸುಮಾರು 25 ನಿಮಿಷ, ಈಗ ನಾಲ್ಕೈದು. ಸಿಐ ಬಿಲ್ ತಿಂಗಳಿಗೆ ಆರೇಳು ಸಾವಿರ ಬರತಿತ್ತು, ಈಗ ಎರಡರ ಒಳಗ. ಬ್ರೌಸರ್ ಟೆಸ್ಟ್ ಮಾತ್ರ ಇನ್ನೂ ನಿಧಾನನೇ ಅದಾವ, ಅವನ್ನ ಪಟ್ಟಿ ಪ್ರಿಂಟ್ ಮತ್ತ ಲಾಗಿನ್‌ಗೆ ಅಷ್ಟ ಇಟ್ಕೊಂಡೇವಿ.