ವೆಬ್‌ಸೈಟ್‌ಗಿಂತ ಮೊದಲು ಒಂದು ನೋಟ್‌ಬುಕ್

ಹೊಲಿಗೆ ಮಷಿನ್ ರಿಪೇರಿ ನನ್ನ ಕೆಲಸ. ಬಿಡಿಭಾಗಗಳನ್ನೂ ಮಾರುತ್ತೇನೆ. ಈಗ ಇರುವುದು ನನ್ನ ಎರಡನೇ ವೆಬ್‌ಸೈಟ್. ಮೊದಲನೆಯದನ್ನು ದುಡ್ಡು ಕೊಟ್ಟು ಮಾಡಿಸಿದ್ದೆ. ತೆರೆದ ಕೂಡಲೇ ದೊಡ್ಡ ದೊಡ್ಡ ಚಿತ್ರಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ಮೇಲೆ ‘ಗುಣಮಟ್ಟವೇ ನಮ್ಮ ಗುರಿ’ ಅಂತ ಬರಹ. ನೋಡೋಕೆ ಚೆನ್ನಾಗಿಯೇ ಇತ್ತು. ಆದರೆ ಅದನ್ನು ನೋಡಿದವರೇ ಫೋನ್ ಮಾಡಿ ಕೇಳುತ್ತಿದ್ದರು: ‘ನೀವು ರಿಪೇರಿ ಮಾಡ್ತೀರಾ, ಇಲ್ಲ ಬರೀ ಪಾರ್ಟ್ಸ್ ಮಾರ್ತೀರಾ?’

ಎರಡನೆಯದಕ್ಕೆ ಕೈಹಾಕುವ ಮುಂಚೆ ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಎರಡು ವಾರ, ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಬರೆದುಕೊಂಡೆ. ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಒಂದು ಗೆರೆ. ಕೊನೆಗೆ ನೋಡಿದರೆ ಆರೇ ಆರು ಪ್ರಶ್ನೆಗಳ ಮುಂದೆ ಗೆರೆಗಳ ಸಾಲು. ಯಾವ ಮಷಿನ್ ನೋಡ್ತೀರಾ, ಎಷ್ಟು ದಿನ ಬೇಕು, ಮನೆಗೆ ಬರ್ತೀರಾ, ಸುಮ್ನೆ ನೋಡೋಕೂ ಚಾರ್ಜ್ ಇದೆಯಾ, ಹಳೆ ಮಷಿನ್‌ಗೆ ಬಾಬಿನ್ ಕೇಸ್ ಸಿಗುತ್ತಾ, ಎಷ್ಟೊತ್ತಿಗೆ ತೆಗೀತೀರಾ. ನಮ್ಮ ಧ್ಯೇಯ ಏನು ಅಂತ ಒಬ್ಬರೂ ಕೇಳಿರಲಿಲ್ಲ. ಹಳೆಯ ಸೈಟ್‌ನಲ್ಲಿ ಎಲ್ಲಕ್ಕಿಂತ ಉದ್ದದ ಪುಟ ಅದೇ ಆಗಿತ್ತು!

ಆ ಆರು ಪ್ರಶ್ನೆಗಳಿಗೆ ಉತ್ತರ ಕೊಡುವ ಐದು ಪುಟ ಸಾಕು ಅಂದುಕೊಂಡೆ. ಮೊದಲ ಪುಟದ ತಲೆಯಲ್ಲೇ ಏನು ಕೆಲಸ ಮಾಡುತ್ತೇವೆ, ಎಲ್ಲಿದ್ದೇವೆ, ಯಾವಾಗ ತೆರೆದಿರುತ್ತೇವೆ, ಒತ್ತಿದರೆ ನೇರ ಕರೆ ಹೋಗುವ ಫೋನ್ ನಂಬರ್. ಅದರ ಕೆಳಗೆ ಒಂದು ಸಾಲು: ಕಾರ್ಖಾನೆಯ ದೊಡ್ಡ ಮಷಿನ್‌ಗಳನ್ನು ನಾವು ನೋಡುವುದಿಲ್ಲ. ಅದನ್ನು ಬರೆಯೋಕೆ ಮನಸ್ಸೇ ಇರಲಿಲ್ಲ. ಆದರೆ ಬರೆದ ಮೇಲೆ ಇಬ್ಬರಿಗೂ ಹೊತ್ತು ಹಾಳುಮಾಡುವ ಕರೆಗಳು ಕಡಿಮೆಯಾದವು.

ಇನ್ನೊಂದು ತಪ್ಪು ಮಾತಿನದು. ನಾನು ‘ಟೆನ್ಷನ್ ಅಸೆಂಬ್ಲಿ ದುರಸ್ತಿ’ ಅಂತ ಬರೆದಿದ್ದೆ. ಜನ ಹಾಗೆ ಹುಡುಕುತ್ತಾರಾ? ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದು ಉಚಿತ ಸಲಕರಣೆ ಇದೆ. ಏನು ಟೈಪ್ ಮಾಡಿದಾಗ ನಮ್ಮ ಪುಟ ಕಾಣಿಸಿಕೊಂಡಿತು ಅಂತ ಅದು ತೋರಿಸುತ್ತದೆ. ಅಲ್ಲಿ ಇದ್ದದ್ದೂ ನೋಟ್‌ಬುಕ್‌ನ ಮಾತುಗಳೇ: ‘ಕೆಳಗಡೆ ದಾರ ಗಂಟು ಕಟ್ಟುತ್ತೆ’, ‘ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತೆ’. ಪುಟದ ತಲೆಬರಹಗಳನ್ನು ಹಾಗೇ ಬದಲಿಸಿದೆ. ಒಳಗೆ ಮನೆಯಲ್ಲೇ ನೋಡಿಕೊಳ್ಳಬಹುದಾದ ವಿಷಯವನ್ನೂ ಬರೆದೆ. ಕೆಳಗೆ ಗಂಟು ಕಟ್ಟಿದರೆ ಹೆಚ್ಚಾಗಿ ತೊಂದರೆ ಮೇಲಿನ ದಾರದ್ದು. ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಎತ್ತಿಟ್ಟು ಮೊದಲಿಂದ ದಾರ ಪೋಣಿಸಿ. ಹೊಲಿಗೆ ಬಿಟ್ಟು ಬೀಳುತ್ತಿದ್ದರೆ ಮೊದಲು ಸೂಜಿ ಬದಲಿಸಿ, ಅದು ತಿರುವುಮುರುವಾಗಿ ಕೂತಿಲ್ಲ ತಾನೇ ಅಂತ ನೋಡಿ. ‘ಎಲ್ಲಾ ಹೇಳಿಬಿಟ್ಟರೆ ನಿನ್ನ ಹತ್ರ ಯಾರು ಬರ್ತಾರೆ?’ ಅಂದ ಗೆಳೆಯ. ಬಂದವರು ‘ನೀವು ಹೇಳಿದ್ದೆಲ್ಲ ಮಾಡಿ ನೋಡಿದ್ವಿ, ಆಗ್ಲಿಲ್ಲ’ ಅಂತಲೇ ಬಂದರು. ಅರ್ಧ ಪರೀಕ್ಷೆ ಅವರೇ ಮುಗಿಸಿರುತ್ತಿದ್ದರು.

ಫೋಟೋ ವಿಷಯದಲ್ಲೂ ಎಡವಿದೆ. ಫೋನ್‌ನಲ್ಲಿ ತೆಗೆದದ್ದನ್ನು ಹಾಗೇ ಹಾಕಿದ್ದೆ, ಒಂದೊಂದೂ 4–5 ಎಂಬಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಅನ್ನುವುದು ಗೂಗಲ್‌ನ ಅಳತೆ. ನನ್ನದು ಅದರ ಹತ್ತಿರವೂ ಇರಲಿಲ್ಲ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಅನ್ನುವ ಚಿತ್ರದ ಮಾದರಿಗೆ ಬದಲಿಸಿದ ಮೇಲೆ ಹಗುರವಾಯಿತು. ಈಗ ಏನೇ ಬದಲಿಸಿದರೂ ವೈಫೈ ಆಫ್ ಮಾಡಿ, ಮನೆಯಲ್ಲಿರುವ ಅತಿ ಹಳೆಯ ಫೋನ್‌ನಲ್ಲಿ ತೆರೆದು ನೋಡುತ್ತೇನೆ.

ನಿಜವಾಗಿ ನಿದ್ದೆ ಕೆಡಿಸಿದ್ದು ಡೊಮೇನ್, ಅಂದರೆ ಸೈಟ್‌ನ ವಿಳಾಸದ ಹೆಸರು. ಮೊದಲ ಸೈಟ್ ಮಾಡಿದವರು ಹೆಸರನ್ನು ತಮ್ಮ ಇಮೇಲ್‌ನಲ್ಲೇ ನೋಂದಾಯಿಸಿದ್ದರು. ನಾನು ಕೇಳಿಯೂ ಇರಲಿಲ್ಲ. ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮುಂಚೆ, ಮತ್ತೆ ಒಂದು ವಾರದ ಮುಂಚೆ ಹೆಸರು ನೋಂದಾಯಿಸುವ ಕಂಪನಿ ನೆನಪಿನ ಮೇಲ್ ಕಳಿಸಬೇಕು ಅಂತ, ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮವೇನೋ ಇದೆ. ಆದರೆ ಆ ಮೇಲ್ ಹೋಗುವುದು ನೋಂದಾಯಿಸಿದ ವಿಳಾಸಕ್ಕೆ. ಅವರು ಆ ಇಮೇಲ್ ನೋಡುವುದನ್ನೇ ಬಿಟ್ಟಿದ್ದರು. ಒಂದು ದಿನ ಬೆಳಿಗ್ಗೆ ಸೈಟ್ ಇಲ್ಲ. ಅದೇ ಹೆಸರಿನ ಮೇಲಿದ್ದ ನನ್ನ ಇಮೇಲೂ ಇಲ್ಲ! ಅವಧಿ ಮುಗಿದಿದ್ದರೂ ಹೆಸರನ್ನು ಮತ್ತೆ ಪಡೆಯುವ ಗಡುವು ಮೀರಿರಲಿಲ್ಲ, ಹಾಗಾಗಿ ಉಳಿಯಿತು. ಈಗ ಖಾತೆ ನನ್ನದು. ಅದಕ್ಕೆ ಕೊಟ್ಟಿರುವ ಇಮೇಲ್ ಬೇರೆ ಕಡೆಯದು, ಈ ಡೊಮೇನ್ ಹೋದರೂ ಅದು ಹೋಗಬಾರದಲ್ವಾ? ತಾನಾಗಿಯೇ ನವೀಕರಣ ಆಗುವಂತೆ ಇಟ್ಟಿದ್ದೇನೆ. ಜೊತೆಗೆ ಕಾರ್ಡ್ ಅವಧಿ ಮುಗಿಯುವ ತಿಂಗಳನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ.

ಗ್ರಾಹಕರು ಸೈಟ್‌ನಲ್ಲೇ ಪ್ರಶ್ನೆ ಬರೆದು ಕಳಿಸುವ ವಿಚಾರಣೆ ಫಾರ್ಮ್ ಇನ್ನೂ ಸದ್ದಿಲ್ಲದೆ ಕೈಕೊಟ್ಟಿತು. ಮೂರು ವಾರ ಒಂದೂ ಮೇಲ್ ಬರಲಿಲ್ಲ, ಸೀಸನ್ ಇಲ್ಲ ಅಂದುಕೊಂಡು ಕೂತಿದ್ದೆ. ಎಲ್ಲವೂ ಸ್ಪ್ಯಾಮ್‌ನಲ್ಲಿದ್ದವು. ಫಾರ್ಮ್ ತುಂಬಿದವರ ವಿಳಾಸದಿಂದಲೇ ಕಳಿಸಿದಂತೆ ನನ್ನ ಸರ್ವರ್ ಮೇಲ್ ಹೊರಡಿಸುತ್ತಿತ್ತು. ಅದು ಕಳ್ಳ ಮೇಲ್‌ನ ಲಕ್ಷಣ. ಕಳಿಸುವ ವಿಳಾಸವನ್ನು ನಮ್ಮ ಡೊಮೇನ್‌ನದ್ದೇ ಮಾಡಿ, ಉತ್ತರ ಹೋಗುವ ವಿಳಾಸದ ಜಾಗದಲ್ಲಿ ಮಾತ್ರ ಗ್ರಾಹಕರದ್ದು ಇಟ್ಟ ಮೇಲೆ ಸರಿಯಾಯಿತು. ಆದರೂ ನಂಬುವುದಿಲ್ಲ. ಪ್ರತಿ ಸೋಮವಾರ ನಾನೇ ಒಂದು ವಿಚಾರಣೆ ಕಳಿಸಿ ನೋಡುತ್ತೇನೆ.

ಆ ಸೋಮವಾರದ ಅರ್ಧ ಗಂಟೆಯಲ್ಲೇ ಉಳಿದದ್ದೂ ಮುಗಿಯುತ್ತದೆ. ಅಪ್‌ಡೇಟ್ ಹಾಕುವುದು, ಬ್ಯಾಕಪ್ ಆಗಿದೆಯಾ ನೋಡುವುದು, ಸೈಟ್‌ನಲ್ಲಿರುವ ಸಮಯ ಗೂಗಲ್ ಮ್ಯಾಪ್‌ನಲ್ಲೂ ಹಾಗೇ ಇದೆಯಾ ಅಂತ ಹೋಲಿಸುವುದು. ಎಷ್ಟು ಜನ ಸೈಟ್ ನೋಡಿದರು ಅನ್ನುವ ಲೆಕ್ಕ ನಾನು ಜಾಸ್ತಿ ನೋಡುವುದಿಲ್ಲ. ಎಷ್ಟು ಜನ ಫೋನ್ ನಂಬರ್ ಒತ್ತಿದರು, ಅದು ಸಾಕು.

ನೋಟ್‌ಬುಕ್ ಇನ್ನೂ ಫೋನ್ ಪಕ್ಕದಲ್ಲೇ ಇದೆ. ‘ಕಂಪ್ಯೂಟರ್ ಕಸೂತಿ ಮಷಿನ್ ನೋಡ್ತೀರಾ?’ ಅನ್ನುವುದರ ಮುಂದೆ ಈ ತಿಂಗಳು ಏಳು ಗೆರೆ ಬಿದ್ದಿವೆ. ಪುಟ ಬರೆಯೋಕೆ ಒಂದು ಸಂಜೆ ಸಾಕು. ಆ ಕೆಲಸ ಕಲಿಯೋದಾ ಬೇಡವಾ ಅಂತ ಮೊದಲು ತೀರ್ಮಾನ ಆಗಬೇಕು.